ಲಾಫ್ಟಿಗೆ ಸರ್ಟಿಫಿಕೇಟ್ ಇಲ್ಲ, ಅಡುಗೆಮನೆಗೆ ಪರ್ಮಿಷನ್ ಇಲ್ಲ: ಇಂಗ್ಲೆಂಡಿನಲ್ಲಿ ಇಂಥ ಮನೆ ಕೊಳ್ಳಬಹುದೇ?

ಪ್ರಶ್ನೆ: ರೆಡಿಂಗ್‌ನಲ್ಲಿ 1930ರ ದಶಕದ ಒಂದು ಸೆಮಿ-ಡಿಟ್ಯಾಚ್ಡ್ (ಒಂದು ಬದಿಯ ಗೋಡೆ ಪಕ್ಕದ ಮನೆಗೆ ಅಂಟಿದ) ಮನೆಗೆ ನಮ್ಮ ಆಫರ್ ಒಪ್ಪಿಗೆಯಾಗಿದೆ. 2016ರಲ್ಲಿ ಲಾಫ್ಟ್‌ನಲ್ಲಿ, ಅಂದರೆ ಚಾವಣಿಯ ಕೆಳಗಿನ ಅಟ್ಟದಲ್ಲಿ, ನಾಲ್ಕನೇ ಬೆಡ್‌ರೂಮ್ ಮಾಡಿಸಿದ್ದಾರೆ. 2022ರ ನವೆಂಬರ್‌ನಲ್ಲಿ ಅಡುಗೆಮನೆಯನ್ನು ಹಿಂದಕ್ಕೆ 4.2 ಮೀಟರ್ ಬೆಳೆಸಿದ್ದಾರೆ. ಹಿತ್ತಲಲ್ಲಿದ್ದ ಗ್ಯಾರೇಜು ಈಗ ಶವರ್ ಇರುವ ಕೋಣೆ. ಕಾಗದ ಕೇಳಿದರೆ "ಎಲ್ಲ ಪರ್ಮಿಟೆಡ್ ಡೆವಲಪ್‌ಮೆಂಟ್, ಯಾವ ಅನುಮತಿಯೂ ಬೇಕಿರಲಿಲ್ಲ" ಎನ್ನುತ್ತಾರೆ. ನಮ್ಮ ಸಾಲಿಸಿಟರ್ (ವಕೀಲರು) ಇಂಡೆಮ್ನಿಟಿ ಪಾಲಿಸಿ ಎಂಬ ವಿಮೆ ತೆಗೆದುಕೊಂಡು ಮುಂದುವರಿಯೋಣ ಎಂದಿದ್ದಾರೆ. ನಾಲ್ಕು ವರ್ಷ ಕಳೆದರೆ ಎಲ್ಲ ಸಕ್ರಮ ಎಂದು ಸ್ನೇಹಿತರು ಹೇಳುತ್ತಾರೆ. ಕೌನ್ಸಿಲ್‌ಗೇ (ಸ್ಥಳೀಯ ಆಡಳಿತಕ್ಕೇ) ಫೋನ್ ಮಾಡಿ ಕೇಳಿಬಿಡಲೇ?

ಉತ್ತರ: ಫೋನ್ ಮಾಡಬೇಡಿ. ಕೌನ್ಸಿಲ್ಲಿನಿಂದ ಏನನ್ನೋ ಮುಚ್ಚಿಡಬೇಕೆಂದು ಹೀಗೆ ಹೇಳುತ್ತಿಲ್ಲ. ಈ ಮನೆಯ ತೊಡಕಿಗೆ ಎರಡು ದಾರಿಗಳಿವೆ. ಒಂದು ಕೌನ್ಸಿಲ್ ಮೂಲಕ ಸರಿಪಡಿಸುವುದು, ಇನ್ನೊಂದು ವಿಮೆ. ಮೊದಲ ದಾರಿಯಲ್ಲಿ ಒಂದು ಹೆಜ್ಜೆ ಇಟ್ಟರೂ ಎರಡನೆಯದು ಮುಚ್ಚಿಹೋಗುತ್ತದೆ. ಈ ವಿಳಾಸದ ಈ ಕೆಲಸದ ಬಗ್ಗೆ ಯಾರೂ ಕೌನ್ಸಿಲ್ ಜೊತೆ ಮಾತಾಡಿಲ್ಲ ಎಂಬ ಷರತ್ತಿನ ಮೇಲೆಯೇ ವಿಮಾ ಕಂಪನಿಗಳು ಪಾಲಿಸಿ ಕೊಡುತ್ತವೆ. ನೀವು ಹೆಸರು ಹೇಳದೆ ಮಾಡಿದ ಒಂದು ಕರೆ, ಸರ್ವೇಯರ್ ಕಳಿಸಿದ ಒಂದು ಇಮೇಲ್ ಸಾಕು, ಆ ಬಾಗಿಲು ಹೋಯಿತು. ಯಾವ ದಾರಿ ಎಂದು ಮೊದಲು ತೀರ್ಮಾನವಾಗಲಿ. ಕೌನ್ಸಿಲ್ಲಿನ ವೆಬ್‌ಸೈಟಿನಲ್ಲಿರುವ ಪ್ಲಾನಿಂಗ್ ರಿಜಿಸ್ಟರ್ ನೋಡಲು ಮಾತ್ರ ಅಡ್ಡಿಯಿಲ್ಲ, ಅದು ಸಾರ್ವಜನಿಕ ದಾಖಲೆ. ಇವತ್ತೇ ಆ ವಿಳಾಸ ಹಾಕಿ ಹುಡುಕಿ. ಅಕ್ಕಪಕ್ಕದ ಮನೆಗಳನ್ನೂ ನೋಡಿ. ಪಕ್ಕದವರು ಇಷ್ಟೇ ಉದ್ದ ಕಟ್ಟಲು ಅರ್ಜಿ ಹಾಕಿದ್ದರೆ ಅದಕ್ಕೆ ಸಿಕ್ಕ ಉತ್ತರ ನಿಮಗೂ ದಿಕ್ಸೂಚಿ.

ಮಾರುವವರ ಮಾತಿನಲ್ಲಿರುವ ಮೂಲ ತಪ್ಪನ್ನು ಮೊದಲು ಬಿಡಿಸಬೇಕು. ಕರ್ನಾಟಕದಲ್ಲಿ ಮನೆ ಕೊಂಡು ಅಭ್ಯಾಸವಿರುವವರು ಪ್ಲಾನ್ ಸ್ಯಾಂಕ್ಷನ್, ಓಸಿ, ಖಾತೆ ಎಂದು ಒಂದೇ ಸರಪಳಿಯಾಗಿ ಯೋಚಿಸುತ್ತಾರೆ. ಇಂಗ್ಲೆಂಡಿನಲ್ಲಿ ಇವು ಎರಡು ಬೇರೆ ಬೇರೆ ಕಾನೂನುಗಳು. ಇಲ್ಲಿ, ಈ ಅಳತೆಯಲ್ಲಿ ಕಟ್ಟಬಹುದೇ ಎಂದು ಕೇಳುವುದು ಪ್ಲಾನಿಂಗ್. ಅದರ ಬುಡ 1990ರ ಟೌನ್ ಅಂಡ್ ಕಂಟ್ರಿ ಪ್ಲಾನಿಂಗ್ ಆಕ್ಟ್. ಕಟ್ಟಿದ್ದು ಬೀಳದೆ ನಿಲ್ಲುತ್ತದೆಯೇ, ಬೆಂಕಿ ಬಿದ್ದರೆ ಹೊರಗೆ ಓಡಿಬರಬಹುದೇ ಎಂದು ಕೇಳುವುದು ಬಿಲ್ಡಿಂಗ್ ರೆಗ್ಯುಲೇಷನ್ಸ್. ಅದರ ಬುಡ 1984ರ ಬಿಲ್ಡಿಂಗ್ ಆಕ್ಟ್. ಪರ್ಮಿಟೆಡ್ ಡೆವಲಪ್‌ಮೆಂಟ್, ಅಂದರೆ ಪ್ಲಾನಿಂಗ್ ಅರ್ಜಿ ಹಾಕದೆಯೇ ಮಾಡಬಹುದಾದ ಕೆಲಸ, ಎಂಬುದು ಪ್ಲಾನಿಂಗ್‌ಗೆ ಮಾತ್ರ ಸೇರಿದ ಮಾತು. ಲಾಫ್ಟ್ ಕೋಣೆಗೆ ಪ್ಲಾನಿಂಗ್ ಅರ್ಜಿ ಬೇಡದಿರಬಹುದು, ಆದರೆ ಬಿಲ್ಡಿಂಗ್ ರೆಗ್ಯುಲೇಷನ್ಸ್ ಪಾಲನೆಯನ್ನು ತಪಾಸಣೆ ಮಾಡುವ ಬಿಲ್ಡಿಂಗ್ ಕಂಟ್ರೋಲ್‌ನ ಒಪ್ಪಿಗೆ ಬೇಕೇ ಬೇಕು. ಅದಕ್ಕೆ ವಿನಾಯಿತಿಯೇ ಇಲ್ಲ. ಆದ್ದರಿಂದ "ಕಾಗದ ಬೇಕಿರಲಿಲ್ಲ" ಎಂಬ ಉತ್ತರ ಅರ್ಧ ಪ್ರಶ್ನೆಗೂ ಉತ್ತರವಲ್ಲ.

ಇನ್ನು ಒಂದೊಂದಾಗಿ ನೋಡೋಣ. ಮೊದಲು ಪ್ಲಾನಿಂಗ್ ಕಣ್ಣಿನಿಂದ.

ಲಾಫ್ಟ್. 2015ರ ಜನರಲ್ ಪರ್ಮಿಟೆಡ್ ಡೆವಲಪ್‌ಮೆಂಟ್ ಆರ್ಡರ್‌ನಲ್ಲಿ ಚಾವಣಿಯ ಕೆಲಸ ಬರುವುದು ಕ್ಲಾಸ್ ಬಿ ಅಡಿಯಲ್ಲಿ. ಸಾಲುಮನೆಗೆ 40 ಘನ ಮೀಟರ್, ಸೆಮಿ ಮತ್ತು ಡಿಟ್ಯಾಚ್ಡ್ ಮನೆಗೆ 50 ಘನ ಮೀಟರ್ ತನಕ ಚಾವಣಿಯ ಗಾತ್ರ ಹೆಚ್ಚಿಸಬಹುದು. ರಸ್ತೆಗೆ ಮುಖ ಮಾಡಿದ ಮುಂಭಾಗದ ಇಳಿಜಾರಿನಿಂದ ಏನೂ ಹೊರಚಾಚಬಾರದು. ಡಾರ್ಮರ್ (ಚಾವಣಿಯ ಇಳಿಜಾರಿನಿಂದ ಹೊರಗೆದ್ದ ಕಿಟಕಿಯ ಗೂಡು) ಹಿಂಬದಿಯ ಸೂರಿನ ಅಂಚಿನಿಂದ 20 ಸೆಂಟಿಮೀಟರ್ ಒಳಗಿರಬೇಕು. ಪಕ್ಕದ ಗೋಡೆಯ ಕಿಟಕಿಗೆ ಮಬ್ಬು ಗಾಜು ಇರಬೇಕು ಮತ್ತು ನೆಲದಿಂದ 1.7 ಮೀಟರ್ ಎತ್ತರದವರೆಗೆ ಅದು ತೆರೆಯುವಂತಿರಬಾರದು. ಕನ್ಸರ್ವೇಷನ್ ಏರಿಯಾದಲ್ಲಿ (ಹಳೆಯ ಚೆಲುವು ಕಾಪಾಡಲು ಗುರುತಿಸಿದ ಪ್ರದೇಶದಲ್ಲಿ) ಈ ಕ್ಲಾಸ್ ಅನ್ವಯಿಸುವುದೇ ಇಲ್ಲ.

ಗಾತ್ರವನ್ನು ನೀವೇ ಲೆಕ್ಕ ಹಾಕಬಹುದು. ಆ ಕಾಲದ ಸೆಮಿ ಮನೆಗಳ ಚಾವಣಿ ಪಕ್ಕಕ್ಕೂ ಇಳಿಜಾರಾಗಿರುತ್ತದೆ. ಲಾಫ್ಟ್ ಮಾಡುವಾಗ ಆ ಪಕ್ಕದ ಇಳಿಜಾರನ್ನು ತೆಗೆದು ಗೋಡೆಯನ್ನು ನೇರ ಎಬ್ಬಿಸಿ, ಹಿಂದೆ ಡಾರ್ಮರ್ ಕೂರಿಸುತ್ತಾರೆ. ಗೋಡೆ ಎಬ್ಬಿಸಿದ್ದರಿಂದ ಹೆಚ್ಚಾದ ಗಾತ್ರ ಎಂದರೆ, ಮನೆಯ ಮುಂದಿನಿಂದ ಹಿಂದಿನ ಆಳ, ಇಳಿಜಾರು ಚಾಚಿದ್ದ ಅಗಲ, ಸೂರಿನಿಂದ ನೆತ್ತಿಯ ಎತ್ತರ, ಈ ಮೂರನ್ನು ಗುಣಿಸಿ ಆರರಿಂದ ಭಾಗಿಸಿದ್ದು. 8 ಮೀಟರ್ ಆಳ, 4 ಮೀಟರ್ ಅಗಲ, 3.2 ಮೀಟರ್ ಎತ್ತರವಿದ್ದರೆ ಸುಮಾರು 17 ಘನ ಮೀಟರ್. ಡಾರ್ಮರ್‌ನದು ಅಗಲ, ಎತ್ತರ, ಆಳ ಗುಣಿಸಿ ಅರ್ಧ: 5 ಮೀಟರ್ ಅಗಲ, 2.4 ಎತ್ತರ, 4 ಆಳ ಎಂದರೆ 24. ಒಟ್ಟು 41. ಸೆಮಿ ಮನೆಗೆ ಇದು ಸಲೀಸಾಗಿ ಮಿತಿಯೊಳಗೆ, ಸಾಲುಮನೆಗಾಗಿದ್ದರೆ ಮಿತಿ ಮೀರುತ್ತಿತ್ತು. ನಿಮ್ಮ ಸರ್ವೇಯರ್‌ಗೆ ಈ ಮೂರು ಮೂರು ಅಳತೆ ತೆಗೆದುಕೊಡಲು ಹೇಳಿ.

ಇಲ್ಲಿ ಎಡವುವುದು ಅಳತೆಯಲ್ಲಲ್ಲ, ಷರತ್ತಿನಲ್ಲಿ. ಕೆಲವು ಬಡಾವಣೆಗಳ ಮೂಲ ಪರ್ಮಿಷನ್‌ನಲ್ಲೇ ಪರ್ಮಿಟೆಡ್ ಡೆವಲಪ್‌ಮೆಂಟ್ ಹಕ್ಕನ್ನು ಕಿತ್ತುಕೊಂಡಿರುತ್ತಾರೆ. ಕೆಲವು ಪ್ರದೇಶಗಳಲ್ಲಿ ಆರ್ಟಿಕಲ್ 4 ನಿರ್ದೇಶನದಿಂದ ಕೌನ್ಸಿಲ್ ಅದನ್ನು ತೆಗೆದಿರುತ್ತದೆ. 1930ರ ದಶಕದ ಮನೆಗೆ ಮೊದಲನೆಯದು ಅಪರೂಪ. ಇತ್ತೀಚಿನ ಬಡಾವಣೆಗಳಲ್ಲಿ ಸರ್ವೇಸಾಮಾನ್ಯ. ಫ್ಲ್ಯಾಟುಗಳಿಗಂತೂ ಈ ಹಕ್ಕುಗಳೇ ಇಲ್ಲ.

ಅಡುಗೆಮನೆ. ನಿಜವಾದ ಪ್ಲಾನಿಂಗ್ ತೊಡಕು ಇರುವುದು ಇಲ್ಲಿ. ಒಂದಂತಸ್ತಿನ ಹಿಂಬದಿ ವಿಸ್ತರಣೆಗೆ ಕ್ಲಾಸ್ ಎ ಕೊಡುವ ಆಳ ಡಿಟ್ಯಾಚ್ಡ್ ಮನೆಗೆ 4 ಮೀಟರ್, ಉಳಿದ ಮನೆಗಳಿಗೆ 3 ಮೀಟರ್. ನಿಮ್ಮದು ಸೆಮಿ, ವಿಸ್ತರಣೆ 4.2. ಸೆಮಿಗೆ 6 ಮೀಟರ್ ತನಕ ಹೋಗಬಹುದು, ಆದರೆ ಕೆಲಸ ಶುರು ಮಾಡುವ ಮುಂಚೆ ಕೌನ್ಸಿಲ್ಲಿಗೆ ಪ್ರಯರ್ ಅಪ್ರೂವಲ್ (ಮುಂಗಡ ಒಪ್ಪಿಗೆ) ಅರ್ಜಿ ಹಾಕಿ, ಅವರು ನೆರೆಯವರನ್ನು ಕೇಳಿ, ಆಮೇಲೆ ಕಟ್ಟಬೇಕು. ಕಟ್ಟಿದ ಮೇಲೆ ಪ್ರಯರ್ ಅಪ್ರೂವಲ್ ಪಡೆಯಲು ದಾರಿಯೇ ಇಲ್ಲ. ರಿಜಿಸ್ಟರ್‌ನಲ್ಲಿ ಅಂಥ ಅರ್ಜಿ ಕಾಣದಿದ್ದರೆ ಈ ವಿಸ್ತರಣೆ ಪರ್ಮಿಟೆಡ್ ಡೆವಲಪ್‌ಮೆಂಟ್ ಅಲ್ಲ. 3 ಮೀಟರ್ ಮೀರಿದ 1.2 ಮೀಟರ್ ಮಾತ್ರವಲ್ಲ, ಪೂರ್ತಿ ವಿಸ್ತರಣೆಯೇ ಅನುಮತಿಯಿಲ್ಲದ್ದು ಎಂದು ಲೆಕ್ಕ. ಜೊತೆಗೆ ನೋಡಬೇಕಾದ್ದು: ಒಟ್ಟು ಎತ್ತರ 4 ಮೀಟರ್ ದಾಟಬಾರದು, ಬೇಲಿಯಿಂದ 2 ಮೀಟರ್ ಒಳಗಿದ್ದರೆ ಸೂರು 3 ಮೀಟರ್ ದಾಟಬಾರದು. ಅಳೆಯುವುದು ಮೂಲ ಮನೆಯ ಹಿಂಗೋಡೆಯಿಂದ. ಮೂಲ ಮನೆ ಎಂದರೆ 1948ರ ಜುಲೈ 1ರಂದು ಇದ್ದಂತೆ. 1970ರಲ್ಲಿ ಯಾರೋ ಒಂದೂವರೆ ಮೀಟರ್ ಬೆಳೆಸಿದ್ದರೆ ಅದೂ ಈ ಲೆಕ್ಕಕ್ಕೆ ಸೇರುತ್ತದೆ.

ಈಗ ನಿಮ್ಮ ಸ್ನೇಹಿತರ ನಾಲ್ಕು ವರ್ಷದ ಮಾತು. ಅದು ಒಂದು ಕಾಲಕ್ಕೆ ಸರಿ. ಅನುಮತಿಯಿಲ್ಲದೆ ಕಟ್ಟಿದ್ದು ಮುಗಿದು ನಾಲ್ಕು ವರ್ಷವಾದರೆ ಕೌನ್ಸಿಲ್ ಎನ್‌ಫೋರ್ಸ್‌ಮೆಂಟ್ ನೋಟಿಸ್ (ಕಟ್ಟಿದ್ದನ್ನು ಒಡೆಯಿರಿ ಅಥವಾ ಸರಿಪಡಿಸಿ ಎಂಬ ಆದೇಶ) ಕೊಡುವಂತಿರಲಿಲ್ಲ. ಷರತ್ತು ಉಲ್ಲಂಘನೆಗೆ ಮತ್ತು ಬಹುಪಾಲು ಬಳಕೆ ಬದಲಾವಣೆಗಳಿಗೆ ಹತ್ತು ವರ್ಷ. 2024ರ ಏಪ್ರಿಲ್ 25ರಿಂದ ಇಂಗ್ಲೆಂಡಿನಲ್ಲಿ ಎಲ್ಲಕ್ಕೂ ಹತ್ತು ವರ್ಷವೇ. ಬದಲಿಸಿದ್ದು 2023ರ ಲೆವೆಲಿಂಗ್-ಅಪ್ ಅಂಡ್ ರೀಜನರೇಷನ್ ಆಕ್ಟ್. ವೇಲ್ಸ್‌ಗೆ ಈ ಬದಲಾವಣೆ ಇಲ್ಲ, ಹಾಗಾಗಿ ಕಾರ್ಡಿಫ್‌ನಲ್ಲಿರುವ ಬಂಧುಗಳ ಅನುಭವ ರೆಡಿಂಗ್‌ಗೆ ಹೊಂದುವುದಿಲ್ಲ. ಆ ದಿನಕ್ಕೆ ಮೊದಲೇ ಬಹುಮಟ್ಟಿಗೆ ಮುಗಿದಿದ್ದ ಕಟ್ಟಡಕ್ಕೆ ಹಳೆಯ ನಾಲ್ಕು ವರ್ಷ ಉಳಿದಿದೆ. ಆದ್ದರಿಂದ ಲಾಫ್ಟ್‌ನಲ್ಲಿ ಪ್ಲಾನಿಂಗ್ ದೋಷ ಇದ್ದಿದ್ದರೂ 2020ಕ್ಕೇ ಅವಧಿ ಮುಗಿಯಿತು. ಅಡುಗೆಮನೆ ನಿಜಕ್ಕೂ 2022ರ ನವೆಂಬರ್‌ನಲ್ಲಿ ಮುಗಿದಿದ್ದರೆ 2026ರ ನವೆಂಬರ್‌ಗೆ ಮುಗಿಯುತ್ತದೆ. ಇದೇ ಅಡುಗೆಮನೆ 2024ರ ಮೇ ತಿಂಗಳಲ್ಲಿ ಮುಗಿದಿದ್ದರೆ 2034ರ ಮೇವರೆಗೆ ಕಾಯಬೇಕಿತ್ತು. ಒಂದೂವರೆ ವರ್ಷದ ವ್ಯತ್ಯಾಸಕ್ಕೆ ಏಳೂವರೆ ವರ್ಷದ ಅಪಾಯ ಹೆಚ್ಚಾಗುತ್ತಿತ್ತು. ಹಾಗಾಗಿ ಮುಗಿದ ದಿನಾಂಕವೇ ಇಲ್ಲಿ ಹಣಕ್ಕೆ ಸಮ.

ಆ ದಿನಾಂಕವನ್ನು ಬಾಯಿಮಾತಿನಲ್ಲಿ ನಂಬಬೇಡಿ. ಬಿಲ್ಡರ್‌ನ ಕೊನೆಯ ಇನ್‌ವಾಯ್ಸ್, ಬ್ಯಾಂಕ್ ಸ್ಟೇಟ್‌ಮೆಂಟ್, ದಿನಾಂಕವಿರುವ ಫೋಟೋ, ಅಡುಗೆಮನೆ ಕೂರಿಸಿದವರ ರಸೀದಿ, ಮೇಲಿನಿಂದ ತೆಗೆದ ಹಳೆಯ ಉಪಗ್ರಹ ಚಿತ್ರ, ಇವು ಪುರಾವೆ. ಹೊರಗೋಡೆ ಎದ್ದು ಒಳಗಿನ ಕೆಲಸ ತಿಂಗಳುಗಟ್ಟಲೆ ನಿಂತಿದ್ದರೆ ಅದನ್ನು ಮುಗಿದದ್ದೆಂದು ಎಣಿಸುವುದಿಲ್ಲ. ಕೆಲಸವನ್ನು ಇಡಿಯಾಗಿ ನೋಡಬೇಕೆಂದು ಹೌಸ್ ಆಫ್ ಲಾರ್ಡ್ಸ್ 2003ರಲ್ಲೇ ಹೇಳಿದೆ. ಇನ್ನೊಂದು ಎಚ್ಚರಿಕೆ: ಬೇಕೆಂದೇ ಬಚ್ಚಿಟ್ಟು ಕಟ್ಟಿದವರಿಗೆ ಕಾಲಮಿತಿಯ ರಕ್ಷಣೆ ಸಿಗದು. ಕೊಟ್ಟಿಗೆಯ ವೇಷದಲ್ಲಿ ಮನೆ ಕಟ್ಟಿಕೊಂಡಿದ್ದ ವೆಲ್ವಿನ್ ಹ್ಯಾಟ್‌ಫೀಲ್ಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರಲ್ಲಿ ಹೀಗೆ ತೀರ್ಪು ಕೊಟ್ಟಿತು. ಎಲ್ಲರ ಕಣ್ಣೆದುರು ಕಟ್ಟಿದ ಅಡುಗೆಮನೆಗೆ ಆ ಭಯ ಬೇಡ.

ಅವಧಿ ಮುಗಿದ ಮಾತ್ರಕ್ಕೆ ಕೈಗೆ ಕಾಗದ ಬರುವುದಿಲ್ಲ. ಬೇಕಿದ್ದರೆ 1990ರ ಪ್ಲಾನಿಂಗ್ ಆಕ್ಟಿನ ಸೆಕ್ಷನ್ 191ರ ಅಡಿ ಲಾಫುಲ್ ಡೆವಲಪ್‌ಮೆಂಟ್ ಸರ್ಟಿಫಿಕೇಟ್‌ಗೆ (ಕಟ್ಟಿದ್ದು ಈಗ ಕಾನೂನುಬದ್ಧ ಎಂಬ ಪತ್ರಕ್ಕೆ) ಅರ್ಜಿ ಹಾಕಬೇಕು. ಅದು ಕಟ್ಟಡದ ಅಂದಚಂದ ಕೇಳುವುದಿಲ್ಲ, ಪುರಾವೆ ಮಾತ್ರ ಕೇಳುತ್ತದೆ. ಆದರೆ ಅವಧಿ ಮುಗಿಯುವ ಮುಂಚೆ ಈ ಅರ್ಜಿ ಹಾಕುವುದೆಂದರೆ ನೋಟಿಸ್ ಕೊಡಿ ಎಂದು ಕರೆದಂತೆ. ಆಗ ಹಾಕಬೇಕಾದ್ದು ರೆಟ್ರೋಸ್ಪೆಕ್ಟಿವ್, ಅಂದರೆ ಕಟ್ಟಿದ ಮೇಲೆ ಹಾಕುವ, ಪ್ಲಾನಿಂಗ್ ಅರ್ಜಿ. ಮನೆ ವಿಸ್ತರಣೆಯ ಅರ್ಜಿ ಶುಲ್ಕ 2025ರ ಏಪ್ರಿಲ್‌ನಲ್ಲಿ 258 ಪೌಂಡಿನಿಂದ 528 ಪೌಂಡಿಗೆ ಏರಿತು. ತೀರ್ಮಾನಕ್ಕೆ ಎಂಟು ವಾರದ ಗಡುವು. 4.2 ಮೀಟರಿನ ಒಂದಂತಸ್ತಿನ ಅಡುಗೆಮನೆಯನ್ನು ಒಡೆಸಲು ಕೌನ್ಸಿಲ್ ಹೊರಡುವುದು ವಿರಳ. ಕ್ರಮ ಕೈಗೊಳ್ಳುವುದು ಸಾರ್ವಜನಿಕ ಹಿತದಿಂದ ಯೋಗ್ಯ ಅನ್ನಿಸಿದರೆ ಮಾತ್ರ ಅವರು ನೋಟಿಸ್ ಕೊಡುತ್ತಾರೆ. ನಿಜವಾದ ಪ್ರಶ್ನೆ ಅಂಟಿಕೊಂಡಿರುವ ಪಕ್ಕದ ಮನೆಯದು: ಅವರ ಕಿಟಕಿಗೆ ಬೆಳಕು ತಪ್ಪಿದೆಯೇ, ಅವರು ದೂರು ಕೊಟ್ಟಿದ್ದಾರೆಯೇ? ನೋಟಿಸ್ ಒಮ್ಮೆ ಬಂದರೆ ಅದು ಜಮೀನಿಗೆ ಅಂಟಿಕೊಳ್ಳುತ್ತದೆ, ಕಟ್ಟಿದವರನ್ನು ಹಿಂಬಾಲಿಸಿ ಹೋಗುವುದಿಲ್ಲ. ಪಾಲಿಸದಿದ್ದರೆ ಕ್ರಿಮಿನಲ್ ಅಪರಾಧ, ದಂಡಕ್ಕೆ ಮೇಲ್ಮಿತಿ ಇಲ್ಲ, ಮತ್ತು ಆಗ ಮಾಲೀಕರು ನೀವು.

ಮನೆ ಲಿಸ್ಟೆಡ್ (ಪರಂಪರೆಯ ಕಟ್ಟಡವೆಂದು ಸರ್ಕಾರಿ ಪಟ್ಟಿಗೆ ಸೇರಿದ್ದು) ಆಗಿದ್ದಿದ್ದರೆ ಈ ಕಾಲಮಿತಿಯ ಮಾತೇ ಬರುತ್ತಿರಲಿಲ್ಲ. ಲಿಸ್ಟೆಡ್ ಕಟ್ಟಡದಲ್ಲಿ ಒಪ್ಪಿಗೆಯಿಲ್ಲದೆ ಮಾಡಿದ ಕೆಲಸಕ್ಕೆ ಐವತ್ತು ವರ್ಷದ ನಂತರವೂ ಈಗಿನ ಮಾಲೀಕರಿಗೆ ನೋಟಿಸ್ ಬರಬಹುದು.

ಗ್ಯಾರೇಜು. ಹಿತ್ತಲ ಕೋಣೆಯನ್ನು ಓದಲು, ವ್ಯಾಯಾಮಕ್ಕೆ, ಆಫೀಸ್ ಕೆಲಸಕ್ಕೆ ಬಳಸಿದರೆ ಅದು ಮನೆಗೆ ಪೂರಕ ಬಳಕೆ, ತೊಂದರೆಯಿಲ್ಲ. ಶವರ್ ಇದ್ದ ಮಾತ್ರಕ್ಕೆ ತಪ್ಪಾಗದು. ಅಲ್ಲಿ ಯಾರಾದರೂ ಮಲಗುತ್ತಿದ್ದರೇ, ಬಾಡಿಗೆಗೆ ಕೊಟ್ಟಿದ್ದರೇ, ಒಲೆ ಇಟ್ಟಿದ್ದರೇ ಎಂದು ಕೇಳಿ. ಬಾಡಿಗೆಗೆ ಕೊಟ್ಟಿದ್ದರೆ ಅದು ಬೇರೆ ವಾಸದ ಮನೆ ಎಂಬ ವಾದ ಏಳುತ್ತದೆ. ರೆಡಿಂಗ್‌ಗೆ ಹತ್ತಿರದ ಸ್ಲೌ ಕೌನ್ಸಿಲ್ 2013ರಲ್ಲಿ ವಿಮಾನದಿಂದ ಶಾಖದ ಚಿತ್ರ ತೆಗೆಸಿ, ಜನ ವಾಸವಿರುವ ಹಿತ್ತಲ ಶೆಡ್ಡುಗಳನ್ನು ಹುಡುಕಿಸಿತ್ತು. ಈ ಭಾಗದ ಕೌನ್ಸಿಲ್ಲುಗಳು ಇದನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಬಿಲ್ಡಿಂಗ್ ರೆಗ್ಯುಲೇಷನ್ಸ್ ಲೆಕ್ಕದಲ್ಲೂ ಮಲಗುವುದೇ ಗೆರೆ: ಬಿಡಿಯಾಗಿ ನಿಂತ, 15 ಚದರ ಮೀಟರ್ ಒಳಗಿನ, ಯಾರೂ ಮಲಗದ ಕೋಣೆಗೆ ವಿನಾಯಿತಿ ಇದೆ. 15ರಿಂದ 30 ಚದರ ಮೀಟರ್ ಇದ್ದರೆ ಬೇಲಿಯಿಂದ ಕನಿಷ್ಠ 1 ಮೀಟರ್ ದೂರವಿರಬೇಕು, ಇಲ್ಲವೇ ಬಹುಮಟ್ಟಿಗೆ ಬೆಂಕಿ ಹಿಡಿಯದ ವಸ್ತುವಿನದಾಗಿರಬೇಕು. ಊರಿಂದ ಅಪ್ಪ ಅಮ್ಮ ಬಂದಾಗ ಅಲ್ಲಿ ಉಳಿಸೋಣ ಎಂಬ ಯೋಚನೆ ನಿಮಗಿದ್ದರೆ, ಆ ಕೋಣೆಯನ್ನು ಬೆಡ್‌ರೂಮ್ ಎಂದು ಲೆಕ್ಕ ಹಿಡಿದು ಬೆಲೆ ಕಟ್ಟಬೇಡಿ.

ಇಷ್ಟು ಪ್ಲಾನಿಂಗ್. ಈ ಮನೆಯಲ್ಲಿ ನಿಜಕ್ಕೂ ಚಿಂತಿಸಬೇಕಾದ್ದು ಬಿಲ್ಡಿಂಗ್ ರೆಗ್ಯುಲೇಷನ್ಸ್, ಅದರಲ್ಲೂ ಲಾಫ್ಟ್. ಪ್ಲಾನಿಂಗ್ ದೋಷವನ್ನು ಕಾಲ ಅಳಿಸುತ್ತದೆ. ಸಣ್ಣ ಜಂತೆಯ ಮೇಲೆ ನಿಂತ ನೆಲವನ್ನು ಕಾಲ ಗಟ್ಟಿ ಮಾಡುವುದಿಲ್ಲ.

ಕಾನೂನಿನ ಮಟ್ಟಿಗೆ ಹೇಳುವುದಾದರೆ, ಕೆಲಸವನ್ನು ಕೀಳಿಸುವ ಅಥವಾ ಸರಿಪಡಿಸಲು ಹೇಳುವ, ಬಿಲ್ಡಿಂಗ್ ಆಕ್ಟಿನ ಸೆಕ್ಷನ್ 36ರ ನೋಟಿಸ್‌ಗೆ ಮೊದಲು ಕೆಲಸ ಮುಗಿದ ಮೇಲೆ ಒಂದು ವರ್ಷದ ಅವಧಿ ಇತ್ತು. 2022ರ ಬಿಲ್ಡಿಂಗ್ ಸೇಫ್ಟಿ ಆಕ್ಟ್ ಅದನ್ನು 2023ರ ಅಕ್ಟೋಬರ್ 1ರಿಂದ ಹತ್ತು ವರ್ಷಕ್ಕೆ ಏರಿಸಿತು. ನಿಮ್ಮ ಅಡುಗೆಮನೆ ಆ ಬದಲಾವಣೆಗೆ ಹನ್ನೊಂದು ತಿಂಗಳು ಮುಂಚೆ ಮುಗಿದದ್ದು. ಅದಕ್ಕೆ ಯಾವ ಅವಧಿ ಹೊಂದುತ್ತದೆ ಎಂಬುದನ್ನು ಸಾಲಿಸಿಟರ್ ಬರವಣಿಗೆಯಲ್ಲಿ ಕೊಡಲಿ. ನೋಟಿಸ್ ಅವಧಿ ಮುಗಿದರೂ ಅಪಾಯಕಾರಿ ಕೆಲಸಕ್ಕೆ ಕೌನ್ಸಿಲ್ ಕೋರ್ಟಿನಿಂದ ಇಂಜಂಕ್ಷನ್ (ಆದೇಶ) ತರಬಹುದು, ಅದಕ್ಕೆ ಕಾಲಮಿತಿ ಇಲ್ಲ. ಇದೇ ಕಾರಣಕ್ಕೆ, ಹಳೆಯ ಕೆಲಸವೆಂದು ಬಿಲ್ಡಿಂಗ್ ರೆಗ್ಯುಲೇಷನ್ಸ್ ಕಾಗದವನ್ನು ಬೆನ್ನುಹತ್ತದ ಸಾಲಿಸಿಟರ್ ನಿರ್ಲಕ್ಷ್ಯ ಎಸಗಿದಂತೆ ಎಂದು ಹೈಕೋರ್ಟ್ 2000ದಲ್ಲಿ ತೀರ್ಪು ಕೊಟ್ಟಿದೆ.

ಮನೆಗೆ ಎರಡನೇ ಸಲ ಹೋದಾಗ ಲಾಫ್ಟ್ ಮೆಟ್ಟಿಲ ಬುಡದಲ್ಲಿ ನಿಂತು ಸುತ್ತ ನೋಡಿ. ಮೆಟ್ಟಿಲ ಮೇಲೆ ತಲೆಗೆ 2 ಮೀಟರ್ ಎತ್ತರ ಬೇಕು. ಲಾಫ್ಟ್‌ನ ಇಳಿಜಾರಿನ ಕೆಳಗಾದರೆ ಮೆಟ್ಟಿಲ ನಡುವೆ 1.9 ಮೀಟರಿಗೆ ಒಪ್ಪುತ್ತಾರೆ. ಏರು 42 ಡಿಗ್ರಿ ಮೀರಬಾರದು. ಎರಡಂತಸ್ತಿನ ಮನೆಗೆ ಲಾಫ್ಟ್ ಕೋಣೆ ಸೇರಿದರೆ ಮೂರಂತಸ್ತು. ಆ ನೆಲ ಹೊರಗಿನ ನೆಲಮಟ್ಟದಿಂದ 4.5 ಮೀಟರಿಗಿಂತ ಮೇಲಿರುವುದರಿಂದ ಕಿಟಕಿಯಿಂದ ಇಳಿದು ಪಾರಾಗುವುದನ್ನು ನಿಯಮ ನೆಚ್ಚಿಕೊಳ್ಳುವುದಿಲ್ಲ. ಲಾಫ್ಟಿನಿಂದ ಮುಂಬಾಗಿಲವರೆಗೆ ಮೆಟ್ಟಿಲು 30 ನಿಮಿಷ ಬೆಂಕಿ ತಡೆಯುವ ಗೋಡೆಗಳ ನಡುವೆ ಇರಬೇಕು, ಅದಕ್ಕೆ ತೆರೆಯುವ ಕೋಣೆಗಳಿಗೆ ಎಫ್‌ಡಿ20 ದರ್ಜೆಯ (20 ನಿಮಿಷ ಬೆಂಕಿ ತಡೆಯುವ) ಫೈರ್ ಡೋರ್ ಇರಬೇಕು, ಪ್ರತಿ ಅಂತಸ್ತಿನಲ್ಲೂ ಕರೆಂಟಿನ, ಒಂದು ಕೂಗಿದರೆ ಎಲ್ಲವೂ ಕೂಗುವ ಸ್ಮೋಕ್ ಅಲಾರಂ ಇರಬೇಕು. ಕೆಳಗೆ ಹಾಲ್ ಗೋಡೆ ಒಡೆದು ಮೆಟ್ಟಿಲು ನೇರ ಲಿವಿಂಗ್ ರೂಮಿಗೋ ಹೊಸ ಅಡುಗೆಮನೆಗೋ ಇಳಿಯುವಂತೆ ಮಾಡಿದ್ದರೆ, ಅಲ್ಲಿಗೆ ಲಾಫ್ಟ್‌ನಲ್ಲಿ ಮಲಗಿದವರ ದಾರಿ ಕಡಿದುಹೋಯಿತು. 2022ರಲ್ಲಿ ಅಡುಗೆಮನೆ ಬೆಳೆಸುವಾಗ ಇದನ್ನೇ ಮಾಡಿರುವ ಸಾಧ್ಯತೆ ಬಹಳ. ಅಡುಗೆಮನೆ ಬೆಂಕಿ ಹೊತ್ತುವ ಜಾಗ, ರಾತ್ರಿ ಮಕ್ಕಳು ಮಲಗುವುದು ಮೇಲೆ. ಈ ಒಂದು ಸಂಗತಿಗೆ ರಿಯಾಯಿತಿ ಕೊಡಬೇಡಿ.

ಕಣ್ಣಿಗೆ ಕಾಣದ್ದು ನೆಲದ ಕೆಳಗಿದೆ. ಆ ಕಾಲದ ಮನೆಗಳಲ್ಲಿ ಸೀಲಿಂಗ್ ಹೊರುವ ಮರದ ಜಂತೆಗಳು ಸುಮಾರು 100 ಮಿಲಿಮೀಟರ್ ಆಳದವು. ಅವು ಸೀಲಿಂಗನ್ನೂ ನಾಲ್ಕು ಪೆಟ್ಟಿಗೆಯನ್ನೂ ಹೊರುತ್ತವೆ, ಮಂಚ ಅಲ್ಮೇರಾ ಇರುವ ಕೋಣೆಯನ್ನಲ್ಲ. ಸರಿಯಾದ ಲಾಫ್ಟ್‌ನಲ್ಲಿ ಹಳೆಯ ಜಂತೆಯ ಪಕ್ಕದಲ್ಲಿ ಆಳವಾದ ಹೊಸ ಜಂತೆಗಳು ಇದ್ದು, ಅವು ಗೋಡೆಗಳ ಮೇಲೋ ಸ್ಟೀಲ್ ಬೀಮ್ ಮೇಲೋ ಕೂತಿರುತ್ತವೆ. ಚಾವಣಿಯ ನಡುವಿನ ಅಡ್ಡ ತೊಲೆಗಳನ್ನು ಜಾಗಕ್ಕಾಗಿ ಕತ್ತರಿಸಿ ಬದಲಿ ಆಧಾರ ಕೊಡದಿದ್ದರೆ ಚಾವಣಿ ನಿಧಾನವಾಗಿ ಹರಡುತ್ತದೆ. ಅದರ ಗುರುತುಗಳು: ಬೆಡ್‌ರೂಮ್ ಸೀಲಿಂಗ್ ನಡುವೆ ತಗ್ಗು, ಬಾಗಿಲು ಚೌಕಟ್ಟಿಗೆ ಕಚ್ಚುವುದು, ಚಾವಣಿ ಸಾಲು ಹೊರಗಿನಿಂದ ಬಾಗಿ ಕಾಣುವುದು. ಸ್ಟೀಲ್ ಬೀಮ್ ಅನ್ನು ಪಕ್ಕದವರ ಜೊತೆಗಿನ ಗೋಡೆಗೆ ಸೇರಿಸಿದ್ದರೆ 1996ರ ಪಾರ್ಟಿ ವಾಲ್ ಆಕ್ಟ್ ಪ್ರಕಾರ ನೋಟಿಸ್ ಕೊಟ್ಟಿರಬೇಕಿತ್ತು. ಆ ಕಾಗದವನ್ನೂ ಕೇಳಿ.

ಅಡುಗೆಮನೆಯಲ್ಲಿ ಮೂರು ನೋಡಿದರೆ ಸಾಕು. ಹಳೆಯ ಹಿಂಗೋಡೆ ಒಡೆದ ಜಾಗದ ಮೇಲೆ ಕೂರಿಸಿದ ಬೀಮ್‌ಗೆ ಎಂಜಿನಿಯರ್ ಲೆಕ್ಕ ಇದೆಯೇ. ಪಾಯ ಎಷ್ಟು ಆಳ. ಜೇಡಿಮಣ್ಣಿನಲ್ಲಿ ಸಾಮಾನ್ಯವಾಗಿ 1 ಮೀಟರ್, ಹತ್ತಿರ ದೊಡ್ಡ ಮರವಿದ್ದರೆ ಇನ್ನೂ ಆಳ. ಕೆಳಗೆ ಚರಂಡಿ ಹಾದಿದೆಯೇ. 2011ರ ಅಕ್ಟೋಬರ್ 1ರಿಂದ ಹಂಚಿಕೊಂಡ ಖಾಸಗಿ ಚರಂಡಿಗಳು ನೀರಿನ ಕಂಪನಿಗೆ ಸೇರಿದವು, ಅವುಗಳ 3 ಮೀಟರ್ ಒಳಗೆ ಕಟ್ಟಲು ಕಂಪನಿಯ ಒಪ್ಪಂದ ಬೇಕು. ರೆಡಿಂಗ್‌ನಲ್ಲಿ ಅದು ಥೇಮ್ಸ್ ವಾಟರ್. ಮಾರುವವರು ಕಿಟಕಿಯ ಫೆನ್ಸಾ ಸರ್ಟಿಫಿಕೇಟ್ ತಂದು ಇದೇ ಕಾಗದ ಎಂದರೆ ಒಪ್ಪಬೇಡಿ. ಫೆನ್ಸಾ ಹಳೆಯ ಕಿಟಕಿ ತೆಗೆದು ಹೊಸದು ಹಾಕಿದ್ದಕ್ಕೆ ಮಾತ್ರ, ವಿಸ್ತರಣೆಯ ಕಟ್ಟಡಕ್ಕಲ್ಲ. ಹೊಸ ವಿದ್ಯುತ್ ಸರ್ಕ್ಯೂಟಿಗೆ ಎನ್‌ಐಸಿಇಐಸಿ ಅಥವಾ ನ್ಯಾಪಿಟ್‌ನಂಥ ಸಂಸ್ಥೆಯ ಸದಸ್ಯರು ಕೊಟ್ಟ ಸರ್ಟಿಫಿಕೇಟ್, ಬಾಯ್ಲರ್‌ಗೆ ಗ್ಯಾಸ್ ಸೇಫ್ ಕಾಗದ ಬೇರೆಯಾಗಿ ಇರಬೇಕು.

ಹಾಗಾದರೆ ಇಂಡೆಮ್ನಿಟಿ ಪಾಲಿಸಿ ಏನು ಕೊಡುತ್ತದೆ? ಒಂದೇ ಸಲ ಕಂತು ಕಟ್ಟುವ ವಿಮೆ ಇದು, ಹೆಚ್ಚಿನ ಸಲ ಮಾರುವವರೇ ಕಟ್ಟುತ್ತಾರೆ. ಅನುಮತಿ ಇಲ್ಲವೆಂಬ ಕಾರಣಕ್ಕೆ ಕೌನ್ಸಿಲ್ ಕ್ರಮ ಕೈಗೊಂಡರೆ ಆಗುವ ಖರ್ಚು, ಅದರಿಂದ ಮನೆಯ ಬೆಲೆ ಇಳಿದರೆ ಆ ನಷ್ಟ, ಇವನ್ನು ತುಂಬುತ್ತದೆ. ಜಂತೆ ಬಾಗಿದರೆ, ಸೀಲಿಂಗ್ ಬಿರುಕು ಬಿಟ್ಟರೆ, ಫೈರ್ ಡೋರ್ ಹಾಕಿಸಬೇಕಾದರೆ ಒಂದು ಪೌಂಡೂ ಕೊಡುವುದಿಲ್ಲ. ಕಾಗದದ ಅಪಾಯಕ್ಕೆ ವಿಮೆ ಇದೆ, ಮನೆಯ ಅಪಾಯಕ್ಕಿಲ್ಲ. ಇನ್ನೊಂದು ಬಲೆಯೂ ಇದೆ. ಕೊಂಡ ಮೇಲೆ ಆ ಲಾಫ್ಟಿಗೇ ಬಾತ್‌ರೂಮ್ ಸೇರಿಸೋಣ ಎಂದು ನೀವು ಬಿಲ್ಡಿಂಗ್ ಕಂಟ್ರೋಲ್ ಅರ್ಜಿ ಹಾಕಿದರೆ ಅಧಿಕಾರಿ ಹಳೆಯದನ್ನೂ ನೋಡುತ್ತಾರೆ, ಪಾಲಿಸಿ ಬಿದ್ದುಹೋಗುತ್ತದೆ. ಮುಂದೆ ಕೆಲಸ ಮಾಡಿಸುವ ಯೋಚನೆ ಇರುವವರಿಗೆ ಈ ಪಾಲಿಸಿ ತೀರ ಕಡಿಮೆ ಉಪಯೋಗದ್ದು.

ಕೌನ್ಸಿಲ್ ದಾರಿ ಎಂದರೆ ರೆಗ್ಯುಲರೈಸೇಷನ್, ಮುಗಿದ ಕೆಲಸವನ್ನು ಬಿಲ್ಡಿಂಗ್ ರೆಗ್ಯುಲೇಷನ್ಸ್‌ಗೆ ತಪಾಸಣೆ ಮಾಡಿಸಿ ಒಪ್ಪಿಗೆ ಪಡೆಯುವುದು. ನಮ್ಮ ಕಡೆಯ ಅಕ್ರಮ-ಸಕ್ರಮದ ಹಾಗೆ ದಂಡ ಕಟ್ಟಿ ಕಾಗದ ತರುವ ವ್ಯವಸ್ಥೆ ಇದಲ್ಲ. 1985ರ ನವೆಂಬರ್ 11ರ ನಂತರ ಮಾಡಿದ ಕೆಲಸಕ್ಕೆ ಇದು ಸಿಗುತ್ತದೆ, ಕೊಡುವುದು ಕೌನ್ಸಿಲ್ ಮಾತ್ರ, ಖಾಸಗಿ ಇನ್‌ಸ್ಪೆಕ್ಟರ್ ಕೊಡುವಂತಿಲ್ಲ. ಅರ್ಜಿ, ನಕ್ಷೆ, ಶುಲ್ಕ ಕೊಟ್ಟರೆ ಅಧಿಕಾರಿ ಬಂದು ಅಲ್ಲಲ್ಲಿ ಪ್ಲಾಸ್ಟರ್‌ಬೋರ್ಡ್ ತೆಗೆಸಿ, ನೆಲದ ಹಲಗೆ ಎಬ್ಬಿಸಿ ಜಂತೆ, ಬೀಮ್, ಇನ್ಸುಲೇಷನ್ ನೋಡುತ್ತಾರೆ. ಎಂಜಿನಿಯರ್ ಲೆಕ್ಕ ಕೇಳುತ್ತಾರೆ. ಕೊರತೆ ಪಟ್ಟಿ ಮಾಡುತ್ತಾರೆ. ಅದು ಸರಿಯಾದ ಮೇಲೆ ಸರ್ಟಿಫಿಕೇಟ್. ಅಳತೆಗೊಡ್ಡುವುದು ಕೆಲಸ ಮಾಡಿದ ಕಾಲದ ನಿಯಮಕ್ಕೆ, ಇವತ್ತಿನದಕ್ಕಲ್ಲ. ವಾರಗಳು ಹಿಡಿಯುತ್ತದೆ, ಕೆಲಸ ಬಂದರೆ ತಿಂಗಳುಗಳು.

ಅದಕ್ಕೆ ಮೊದಲು ಇನ್ನೊಂದು ಸಾಧ್ಯತೆ ತಳ್ಳಿಹಾಕಬೇಡಿ: ಕಾಗದ ಇದ್ದು ಕಳೆದಿರಬಹುದು. ಸಾಲಿಸಿಟರ್ ಮಾಡಿಸುವ ಲೋಕಲ್ ಸರ್ಚ್‌ನ (ಕೌನ್ಸಿಲ್ ದಾಖಲೆಗಳ ಹುಡುಕಾಟದ) ಕಾನ್29 ಭಾಗದಲ್ಲಿ ಬಿಲ್ಡಿಂಗ್ ರೆಗ್ಯುಲೇಷನ್ಸ್ ಅರ್ಜಿಗಳೂ, ಖಾಸಗಿ ಇನ್‌ಸ್ಪೆಕ್ಟರ್ ಕೊಟ್ಟ ಇನಿಷಿಯಲ್ ನೋಟಿಸ್‌ಗಳೂ, ಎನ್‌ಫೋರ್ಸ್‌ಮೆಂಟ್ ನೋಟಿಸ್‌ಗಳೂ ಕಾಣುತ್ತವೆ. ಇದು ಎಲ್ಲ ಕೊಳ್ಳುವಿಕೆಯಲ್ಲೂ ನಡೆಯುವ ಮಾಮೂಲಿ ಸರ್ಚ್, ಪಾಲಿಸಿಗೆ ತೊಡಕಾಗದು. ಅರ್ಜಿ ಇದ್ದು ಕಂಪ್ಲೀಷನ್ ಸರ್ಟಿಫಿಕೇಟ್ ಇಲ್ಲವೆಂದರೆ ಬಿಲ್ಡರ್ ಕೊನೆಯ ತಪಾಸಣೆಗೆ ಕರೆದೇ ಇಲ್ಲ ಎಂದರ್ಥ. ಆಗ ನಡುವಿನ ತಪಾಸಣೆಗಳ ದಾಖಲೆಯಾದರೂ ಇರುತ್ತದೆ, ಹಳೆಯ ಕಡತ ತೆರೆಸಿ ಮುಗಿಸುವುದು ಹೊಸದಾಗಿ ರೆಗ್ಯುಲರೈಸೇಷನ್ ಮಾಡಿಸುವುದಕ್ಕಿಂತ ಸುಲಭ. ಏನೂ ಇಲ್ಲವೆಂದರೆ ಯಾರೂ ಬಂದು ನೋಡಿಯೇ ಇಲ್ಲ.

ನನ್ನ ಸಲಹೆ ಇದು. ಪಾಲಿಸಿ ಬೇಡವೆನ್ನುವುದಿಲ್ಲ, ಅದನ್ನೇ ಮೊದಲ ಹೆಜ್ಜೆ ಮಾಡಬೇಡಿ. ಮೊದಲು ರಿಕ್ಸ್ (ಸರ್ವೇಯರ್‌ಗಳ ಸಂಸ್ಥೆ) ಲೆವೆಲ್ 3 ಸರ್ವೇ, ಅಂದರೆ ಅತ್ಯಂತ ವಿವರವಾದ ಸರ್ವೇ, ಜೊತೆಗೆ ಲಾಫ್ಟ್ ಮತ್ತು ಅಡುಗೆಮನೆಗೆ ಚಾರ್ಟರ್ಡ್ ಸ್ಟ್ರಕ್ಚರಲ್ ಎಂಜಿನಿಯರ್. ಮಾರುವವರ ಒಪ್ಪಿಗೆ ಪಡೆದು ಎರಡು ಮೂರು ಹಲಗೆ ಎಬ್ಬಿಸಿ ನೋಡಲಿ. ಕೌನ್ಸಿಲ್ ಜೊತೆ ಮಾತಾಡಬಾರದೆಂದು ಇಬ್ಬರಿಗೂ ಬರೆದು ಕೊಡಿ. ಎಂಜಿನಿಯರ್ ವರದಿ ಗಟ್ಟಿ ಎಂದು ಬಂದು ಕೊರತೆ ಬರೀ ಬಾಗಿಲು, ಅಲಾರಂ ಮಟ್ಟದ್ದಾದರೆ, ಆ ಖರ್ಚನ್ನು ಬೆಲೆಯಲ್ಲಿ ಇಳಿಸಿ, ಪಾಲಿಸಿ ಮಾರುವವರ ಖರ್ಚಿನಲ್ಲಿ ತೆಗೆಸಿ ಮುಂದುವರಿಯಬಹುದು. ಜಂತೆ, ಬೀಮ್ ಅಥವಾ ತಪ್ಪಿಸಿಕೊಳ್ಳುವ ದಾರಿಯಲ್ಲಿ ದೋಷ ಬಂದರೆ ಎಕ್ಸ್‌ಚೇಂಜ್‌ಗೆ (ಎರಡೂ ಕಡೆಯವರು ಕರಾರು ವಿನಿಮಯ ಮಾಡಿಕೊಂಡು ಬದ್ಧರಾಗುವ ಹಂತಕ್ಕೆ) ಮುಂಚೆ ಮಾರುವವರೇ ರೆಗ್ಯುಲರೈಸೇಷನ್ ಮಾಡಿಸಲಿ. ಅವರು ಒಪ್ಪದಿದ್ದರೆ ಮೂರು ಬೆಡ್‌ರೂಮ್ ಮತ್ತು ಒಂದು ಅಟ್ಟ ಎಂಬ ಬೆಲೆಗೆ ಇಳಿಯಲಿ. ಅದೂ ಆಗದಿದ್ದರೆ ಬಿಟ್ಟುಬಿಡಿ. ಎಕ್ಸ್‌ಚೇಂಜ್ ಆಗುವವರೆಗೆ ನೀವು ಯಾವುದಕ್ಕೂ ಬದ್ಧರಲ್ಲ. ಆದ ಮೇಲೆ ಸಾಮಾನ್ಯವಾಗಿ ಬೆಲೆಯ ಹತ್ತನೇ ಒಂದು ಭಾಗ ಡೆಪಾಸಿಟ್ ಸಿಕ್ಕಿಹಾಕಿಕೊಂಡಿರುತ್ತದೆ, ಹಿಂದೆ ಸರಿದರೆ ಅದು ಹೋಯಿತು.

ಬ್ಯಾಂಕ್ ಸಾಲ ಮಂಜೂರು ಮಾಡಿದೆ, ಅವರ ಲೀಗಲ್ ನೋಡಿರುತ್ತಾರೆ ಎಂಬ ನಮ್ಮೂರ ಭರವಸೆ ಇಲ್ಲಿ ನಡೆಯದು. ಬ್ಯಾಂಕಿನ ವ್ಯಾಲ್ಯುಯೇಷನ್ ಬ್ಯಾಂಕಿಗಾಗಿ, ಕೆಲವೊಮ್ಮೆ ಮನೆಯೊಳಗೆ ಕಾಲಿಡದೆಯೇ ಮುಗಿಯುತ್ತದೆ. ನಿಮ್ಮ ಸಾಲಿಸಿಟರ್ ಬ್ಯಾಂಕಿನ ಪರವಾಗಿಯೂ ಕೆಲಸ ಮಾಡುವುದರಿಂದ ಈ ಕೊರತೆಯನ್ನು ಅವರಿಗೆ ತಿಳಿಸಲೇಬೇಕು. ನಾಲ್ಕು ಬೆಡ್‌ರೂಮ್ ಎಂದು ಕಟ್ಟಿದ ಬೆಲೆ ಮೂರಕ್ಕೆ ಇಳಿದರೆ ಸಾಲದ ಮೊತ್ತವೂ ಇಳಿಯಬಹುದು. ಇದು ಕೊನೆಯ ವಾರದಲ್ಲಿ ಗೊತ್ತಾಗುವುದಕ್ಕಿಂತ ಈಗ ಗೊತ್ತಾಗಲಿ. ಮನೆ ವಿಮೆಯ ಕಂಪನಿಗೂ ಬೆಡ್‌ರೂಮ್ ಎಷ್ಟು, ಲಾಫ್ಟ್ ಹೇಗಿದೆ ಎಂಬುದನ್ನು ನಿಜ ಹೇಳಿ.

ಮಾರುವವರು ಮನೆಯ ವಿವರ ತುಂಬಿ ಕೊಡುವ ಟಿಎ6 ಫಾರ್ಮನ್ನು ನೀವೇ ತರಿಸಿಕೊಂಡು ಓದಿ. ಅದರಲ್ಲಿ ಸುಳ್ಳು ಹೇಳಿದರೆ ಮಿಸ್‌ರೆಪ್ರೆಸೆಂಟೇಷನ್ (ತಪ್ಪು ಮಾಹಿತಿ ಕೊಟ್ಟ) ದಾವೆ ಹೂಡಬಹುದು, ಆದರೆ "ಗೊತ್ತಿಲ್ಲ" ಎಂದು ಬರೆದಿದ್ದರೆ ಹಿಡಿಯಲು ಏನೂ ಸಿಗುವುದಿಲ್ಲ. ಅದಕ್ಕೇ ಪ್ರಶ್ನೆ ಮೊನಚಾಗಿರಬೇಕು. ಸಾಲಿಸಿಟರ್ ಮೂಲಕ ಇವನ್ನು ಕಳಿಸಿ: ಮೂರೂ ಕೆಲಸ ಶುರುವಾದ ಮತ್ತು ಮುಗಿದ ದಿನಾಂಕ ಏನು, ಪುರಾವೆ ಏನಿದೆ? 4.2 ಮೀಟರಿಗೆ ಪ್ರಯರ್ ಅಪ್ರೂವಲ್ ಪಡೆದಿದ್ದೀರಾ? ಬಿಲ್ಡಿಂಗ್ ಕಂಟ್ರೋಲ್ ಯಾರು ನೋಡಿದರು, ಕೌನ್ಸಿಲ್ಲೋ ಖಾಸಗಿಯವರೋ? ಬೀಮ್‌ಗಳ ಎಂಜಿನಿಯರ್ ಲೆಕ್ಕ ಎಲ್ಲಿದೆ? ಪಾರ್ಟಿ ವಾಲ್ ನೋಟಿಸ್, ಥೇಮ್ಸ್ ವಾಟರ್ ಒಪ್ಪಂದ ಎಲ್ಲಿವೆ? ಮನೆಯ ಟೈಟಲ್‌ನಲ್ಲಿ ಬದಲಾವಣೆಗೆ ಮೂಲ ಬಿಲ್ಡರ್‌ನ ಒಪ್ಪಿಗೆ ಬೇಕೆಂಬ ಕವೆನೆಂಟ್ (ಷರತ್ತು) ಇದೆಯೇ, ಇದ್ದರೆ ಒಪ್ಪಿಗೆ ಪಡೆದಿದ್ದೀರಾ? ಗ್ಯಾರೇಜಿನಲ್ಲಿ ಯಾರಾದರೂ ವಾಸವಿದ್ದರೇ? ಮತ್ತು ಎಲ್ಲಕ್ಕಿಂತ ಮುಖ್ಯವಾದದ್ದು: ನೀವಾಗಲಿ, ನಿಮ್ಮ ಏಜೆಂಟ್ ಆಗಲಿ, ಹಿಂದೆ ಕೊಳ್ಳಲು ಬಂದು ಬಿಟ್ಟುಹೋದ ಯಾರಾದರೂ ಆಗಲಿ, ಈ ಕೆಲಸಗಳ ಬಗ್ಗೆ ಕೌನ್ಸಿಲ್ ಜೊತೆ ಮಾತಾಡಿದ್ದಾರೆಯೇ? ಈ ಕೊನೆಯ ಪ್ರಶ್ನೆಗೆ ಹೌದು ಎಂಬ ಉತ್ತರ ಬಂದರೆ ಪಾಲಿಸಿಯ ಮಾತು ಅಲ್ಲಿಗೆ ಮುಗಿಯಿತು, ಉಳಿಯುವುದು ರೆಗ್ಯುಲರೈಸೇಷನ್ ಅಥವಾ ಬೆಲೆ ಇಳಿಕೆ.